ಕಾರ್ಬ್ಯುರೇಟರ್ ಬಟ್ಟಲಿನಲ್ಲಿ ಪೆಟ್ರೋಲ್ ಮಟ್ಟ ತಪ್ಪಿದಾಗ: ಹಳೆಯ ಬೈಕಿನ ಪರೀಕ್ಷೆ ಮತ್ತು ದುರಸ್ತಿ

ಹಳೆಯ ಬೈಕು ಮೈಲೇಜ್ ಕೊಡುತ್ತಿಲ್ಲ, ಬಿಸಿಯಾದ ಮೇಲೆ ಸ್ಟಾರ್ಟ್ ಆಗುತ್ತಿಲ್ಲ ಅಥವಾ ಏರಿನಲ್ಲಿ ಎಳೆಯುತ್ತಿಲ್ಲ ಎಂದಾಗ ಹೆಚ್ಚಿನವರ ಕೈ ಮೊದಲು ಹೋಗುವುದು ಗಾಳಿ-ಪೆಟ್ರೋಲ್ ಮಿಶ್ರಣ ಹೊಂದಿಸುವ ಏರ್ ಸ್ಕ್ರೂ ಕಡೆಗೆ. ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬ್ಯುರೇಟರಿನ ತಳದ ಬಟ್ಟಲಿನಲ್ಲಿ ಪೆಟ್ರೋಲ್ ಎಷ್ಟು ಎತ್ತರಕ್ಕೆ ನಿಂತಿದೆ ಎಂದು ನೋಡದೆ ಸ್ಕ್ರೂ ತಿರುಗಿಸಿದರೆ ಅಥವಾ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ರಂಧ್ರದ ಭಾಗ) ಬದಲಿಸಿದರೆ ಒಂದು ದೋಷದ ಮೇಲೆ ಇನ್ನೊಂದನ್ನು ಹೇರಿದಂತಾಗುತ್ತದೆ. ಯಮಹಾ ಆರ್‌ಎಕ್ಸ್ 100, ಹಳೆಯ ಬುಲೆಟ್ 350, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಯೆಜ್ಡಿ – ಮೂರಕ್ಕೂ ಇಲ್ಲಿ ಹೇಳುವ ಕ್ರಮ ಒಂದೇ. ಅಳತೆಗಳನ್ನು ಮಾತ್ರ ಆಯಾ ಮಾದರಿಯ ಸರ್ವಿಸ್ ಕೈಪಿಡಿಯಿಂದಲೇ ತೆಗೆದುಕೊಳ್ಳಬೇಕು.

ಬಟ್ಟಲಿಗೆ ಪೆಟ್ರೋಲ್ ತುಂಬಿದಂತೆ ಅದರಲ್ಲಿ ತೇಲುವ ಫ್ಲೋಟ್ ಮೇಲೇರುತ್ತದೆ. ಅದರ ಮೇಲಿರುವ ಲೋಹದ ಸಣ್ಣ ನಾಲಿಗೆಯು ನೀಡಲ್ ವಾಲ್ವನ್ನು (ಸೂಜಿಮೊನೆಯ ಸಣ್ಣ ಕವಾಟ) ಅದರ ಸೀಟಿಗೆ, ಅಂದರೆ ಪೆಟ್ರೋಲ್ ಬರುವ ರಂಧ್ರದ ಬಾಯಿಗೆ, ಒತ್ತಿ ಪೆಟ್ರೋಲ್ ಒಳಬರುವುದನ್ನು ನಿಲ್ಲಿಸುತ್ತದೆ. ಎಂಜಿನ್ ಎಳೆಯುವ ಗಾಳಿಯು ಈ ಮಟ್ಟದಿಂದಲೇ ಪೆಟ್ರೋಲನ್ನು ಜೆಟ್ ಮೂಲಕ ಮೇಲೆತ್ತಬೇಕಾಗಿರುವುದರಿಂದ, ಮಟ್ಟ ಕೆಲವೇ ಮಿಲಿಮೀಟರ್ ಏರಿದರೂ ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚುತ್ತದೆ, ಇಳಿದರೆ ಕಡಿಮೆಯಾಗುತ್ತದೆ.

ಲಕ್ಷಣಗಳನ್ನು ಓದುವುದು

ಮಟ್ಟ ಏರಿದ್ದರೆ ಓವರ್‌ಫ್ಲೋ ಪೈಪಿನಿಂದ ಪೆಟ್ರೋಲ್ ತೊಟ್ಟಿಕ್ಕುತ್ತದೆ, ಪ್ಲಗ್ ಮಸಿ ಹಿಡಿಯುತ್ತದೆ, ಸೈಲೆನ್ಸರಿನಿಂದ ಕಪ್ಪು ಹೊಗೆ ಬರುತ್ತದೆ. ಸೈಡ್ ಸ್ಟ್ಯಾಂಡ್ ಮೇಲೆ ವಾಲಿ ನಿಂತಾಗ ಮಾತ್ರ ನಾಲ್ಕು ಹನಿ ಬಿದ್ದರೆ ಅದನ್ನು ದೋಷವೆಂದು ಎಣಿಸಬೇಕಾಗಿಲ್ಲ. ಸೆಂಟರ್ ಸ್ಟ್ಯಾಂಡ್ ಹಾಕಿ ನೋಡಿಯೇ ತೀರ್ಮಾನಿಸಬೇಕು. ಬುಲೆಟ್‌ನಂಥ ಫೋರ್ ಸ್ಟ್ರೋಕ್ ಬೈಕುಗಳಲ್ಲಿ ಉಕ್ಕಿದ ಪೆಟ್ರೋಲ್ ಸಿಲಿಂಡರಿನ ಮೂಲಕ ಎಂಜಿನ್ ಆಯಿಲ್‌ಗೂ ಇಳಿಯಬಹುದು. ಆಯಿಲ್ ತೆಳುವಾಗಿ ಪೆಟ್ರೋಲ್ ವಾಸನೆ ಹೊಡೆಯುತ್ತಿದ್ದರೆ ದುರಸ್ತಿಯಾಗುವವರೆಗೆ ಗಾಡಿ ಓಡಿಸಬಾರದು.

ಮಟ್ಟ ಇಳಿದಿದ್ದರೆ ಐಡಲಿಂಗ್ ಚೆನ್ನಾಗಿದ್ದೂ ಆಕ್ಸಿಲರೇಟರ್ ಪೂರ್ತಿ ತಿರುಗಿಸಿದಾಗ ಎಂಜಿನ್ ಮುಗ್ಗರಿಸುತ್ತದೆ, ಪ್ಲಗ್ ಬಿಳಿಚಿಕೊಳ್ಳುತ್ತದೆ, ಎಂಜಿನ್ ಅತಿಯಾಗಿ ಕಾಯುತ್ತದೆ. ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸುವ ಯೆಜ್ಡಿಯಲ್ಲಿ ಇದು ಹೆಚ್ಚು ಅಪಾಯಕರ. ಪೆಟ್ರೋಲ್ ಕಡಿಮೆಯಾದರೆ ಪಿಸ್ಟನ್ನಿಗೆ ತಲುಪುವ ಆಯಿಲ್ ಕೂಡ ಕಡಿಮೆಯಾಗಿ ಪಿಸ್ಟನ್ ಸಿಲಿಂಡರಿನಲ್ಲಿ ಕಚ್ಚಿಕೊಂಡು ಎಂಜಿನ್ ಸೀಜ್ ಆಗಬಹುದು.

ಬಿಚ್ಚುವ ಮೊದಲು

ಎಂಜಿನ್ ತಣ್ಣಗಾದ ಮೇಲೆ, ಗಾಳಿಯಾಡುವ ಬಯಲಿನಲ್ಲಿ, ಬ್ಯಾಟರಿಯ ಒಂದು ತಂತಿ ಕಳಚಿ ಕೆಲಸ ಆರಂಭಿಸಿ. ಹತ್ತಿರದಲ್ಲಿ ಬೀಡಿ, ಸಿಗರೇಟು, ದೀಪ ಯಾವುದೂ ಇರಕೂಡದು. ಪೆಟ್ರೋಲ್ ಪೈಪನ್ನು ಕಾರ್ಬ್ಯುರೇಟರಿನಿಂದ ಕಳಚಿ, ಡಬ್ಬಿಯೊಂದನ್ನು ಹಿಡಿದು ಟ್ಯಾಂಕಿನ ಕೆಳಗಿರುವ ಕಾಕ್ ತಿರುಗಿಸಿ. ಧಾರೆ ಎಡೆಬಿಡದೆ ಬರಬೇಕು. ಮೊದಲು ಚೆನ್ನಾಗಿ ಬಂದು ಕ್ರಮೇಣ ಸಣ್ಣಗಾದರೆ ಟ್ಯಾಂಕಿನ ಮುಚ್ಚಳ ತೆಗೆದು ನೋಡಿ. ಆಗ ಧಾರೆ ಮರಳಿದರೆ ಕಟ್ಟಿಕೊಂಡಿರುವುದು ಮುಚ್ಚಳದ ಗಾಳಿರಂಧ್ರ. ಮುಚ್ಚಳ ತೆಗೆದರೂ ಸಣ್ಣಗೇ ಇದ್ದರೆ ಕಾಕ್‌ನೊಳಗಿನ ಜಾಲರಿಯನ್ನು ಅಥವಾ ನಂತರ ಯಾರೋ ಪೈಪಿನ ನಡುವೆ ಸೇರಿಸಿದ ಫಿಲ್ಟರನ್ನು ಸಂಶಯಿಸಬೇಕು. ಮಟ್ಟ ಇಳಿದಿದೆ ಎಂಬ ದೂರುಗಳಲ್ಲಿ ಅನೇಕವು ಇಲ್ಲಿಯೇ ಬಗೆಹರಿಯುತ್ತವೆ.

ತೊಟ್ಟಿಕ್ಕುವ ದೂರಿಗೆ ಮೆಕ್ಯಾನಿಕ್‌ಗಳು ಬಟ್ಟಲನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟುವುದುಂಟು. ನೀಡಲ್ ಕೆಳಗೆ ಸಿಕ್ಕ ಕಸ ಸರಿದು ತೊಟ್ಟಿಕ್ಕುವುದು ನಿಂತರೆ ದೋಷ ಎಲ್ಲಿದೆ ಎಂಬುದು ತಿಳಿಯಿತು, ಅಷ್ಟೆ. ಟ್ಯಾಂಕಿನ ತುಕ್ಕು ಮತ್ತೆ ಬಂದು ಅಲ್ಲಿಯೇ ಕೂರುತ್ತದೆ.

ನೀಡಲ್, ಸೀಟು, ಫ್ಲೋಟ್

ಕಾರ್ಬ್ಯುರೇಟರನ್ನು ಹೊರತೆಗೆದು, ಬಟ್ಟಲಿನ ಸ್ಕ್ರೂಗಳನ್ನು ಅವುಗಳ ತಲೆಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರಿನಿಂದಲೇ ಬಿಚ್ಚಿ. ತಲೆ ಸವೆದರೆ ಅರ್ಧ ದಿನ ಅದರಲ್ಲಿಯೇ ಕಳೆಯುತ್ತದೆ. ಬಟ್ಟಲಿನ ತಳದಲ್ಲಿ ಕೆಂಪು ಪುಡಿಯಿದ್ದರೆ ಟ್ಯಾಂಕ್ ತುಕ್ಕು ಹಿಡಿದಿದೆ, ನೀರಿನ ಗುಳ್ಳೆಗಳಿದ್ದರೆ ಮಳೆನೀರು ಸೇರಿದೆ. ಬಹುಕಾಲ ನಿಂತ ಯೆಜ್ಡಿಯಲ್ಲಿ ಪೆಟ್ರೋಲ್ ಆರಿ ಉಳಿದ ಆಯಿಲ್ ಅಂಟಾಗಿ ನೀಡಲನ್ನೇ ಹಿಡಿದಿರುತ್ತದೆ.

ಫ್ಲೋಟಿನ ಪಿನ್ ಎಳೆದು ನೀಡಲನ್ನು ಬೆಳಕಿಗೆ ಹಿಡಿಯಿರಿ. ಅದರ ಮೊನೆಯ ಸುತ್ತ ಉಂಗುರದಂಥ ಗೀರು ಬಿದ್ದಿದ್ದರೆ ಬದಲಿಸಲೇಬೇಕು, ಸೀಟು ಬಿಚ್ಚಿ ಬರುವ ಮಾದರಿಯಾದರೆ ಅದನ್ನೂ ಜೊತೆಗೆ ಬದಲಿಸುವುದು ಲೇಸು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ ಶೇ 20 ಎಥನಾಲ್ ಬೆರೆತ ಪೆಟ್ರೋಲ್ ಈಗ ಬಹುತೇಕ ಎಲ್ಲ ಬಂಕುಗಳಲ್ಲಿದೆ. ಅದನ್ನು ಗಮನದಲ್ಲಿಟ್ಟು ತಯಾರಿಸದ ಹಳೆಯ ರಬ್ಬರ್ ಮೊನೆ, ವಾಷರ್, ಪೈಪುಗಳು ಊದಿಕೊಳ್ಳಬಹುದು ಅಥವಾ ಬಿರುಕು ಬಿಡಬಹುದು. ಕೊಳ್ಳುವಾಗ ಎಥನಾಲ್ ತಾಳುವ ಭಾಗವೇ ಎಂದು ಅಂಗಡಿಯಲ್ಲಿ ಕೇಳಿ ನೋಡಬೇಕು.

ಫ್ಲೋಟನ್ನು ಕಿವಿಯ ಬಳಿ ಅಲುಗಾಡಿಸಿ. ಒಳಗೆ ಪೆಟ್ರೋಲ್ ಸದ್ದು ಮಾಡಿದರೆ ಅದು ತೂತಾಗಿದೆ. ತೂಕ ಹೆಚ್ಚಿದ ಫ್ಲೋಟ್ ಸಾಕಷ್ಟು ಮೇಲೇಳದ ಕಾರಣ ಮಟ್ಟ ಏರುತ್ತದೆ. ಬಿಸಿನೀರಿನಲ್ಲಿ ಮುಳುಗಿಸಿದಾಗ ಗುಳ್ಳೆ ಏಳುವ ಜಾಗವೇ ತೂತು. ಹಳೆಯ ಹಿತ್ತಾಳೆ ಫ್ಲೋಟಿಗೆ ಬೆಸುಗೆ ಹಾಕುವವರಿದ್ದಾರೆ. ಒಳಗೆ ಪೆಟ್ರೋಲಿನ ಆವಿ ಉಳಿದಿದ್ದರೆ ಅದು ಸಿಡಿಯಬಲ್ಲದು, ಬೆಸುಗೆಯ ಭಾರದಿಂದಲೂ ಮಟ್ಟ ಬದಲಾಗುತ್ತದೆ. ಹೊಸದು ಸಿಗುವುದಾದರೆ ಬೆಸುಗೆಯ ಗೋಜು ಬೇಡ.

ಎತ್ತರ ಅಳೆಯುವುದು

ನಾಲಿಗೆಯನ್ನು ಬಾಗಿಸುವುದು ಕೊನೆಯ ಕೆಲಸ. ವರ್ಷಗಟ್ಟಲೆ ಸರಿಯಿದ್ದ ಮಟ್ಟ ತಪ್ಪಿದೆಯೆಂದರೆ ಏನೋ ಸವೆದಿದೆ, ತೂತಾಗಿದೆ ಅಥವಾ ಕಟ್ಟಿದೆ. ಆ ನಾಲಿಗೆ ತಾನಾಗಿ ಬಾಗುವುದಿಲ್ಲ. ಹೊಸ ಭಾಗ ಹಾಕಿದ ಮೇಲೆ ಅಥವಾ ಹಿಂದೆ ಯಾರೋ ಬಾಗಿಸಿದ ಅನುಮಾನವಿದ್ದಾಗ ಮಾತ್ರ ಅಳೆಯುವ ಅಗತ್ಯ ಬರುತ್ತದೆ.

ಬಟ್ಟಲಿನ ಅಂಚಿಗೆ ಕೂರುವ ಗ್ಯಾಸ್ಕೆಟ್ ತೆಗೆದು, ಕಾರ್ಬ್ಯುರೇಟರನ್ನು ತಲೆಕೆಳಗಾಗಿ ಹಿಡಿದು, ನಾಲಿಗೆಯು ನೀಡಲಿನ ಸ್ಪ್ರಿಂಗ್ ಮೊಳೆಯನ್ನು ಒತ್ತದೆ ಕೇವಲ ಮುಟ್ಟುವಂತೆ ಸ್ವಲ್ಪ ಓರೆ ಮಾಡಿ, ಗ್ಯಾಸ್ಕೆಟ್ ಕೂರುವ ಮುಖದಿಂದ ಫ್ಲೋಟಿನ ಮೇಲಂಚಿನವರೆಗೆ ವರ್ನಿಯರ್ ಅಳತೆ ಸಾಧನದಿಂದ ಅಳೆಯಿರಿ. ಇಲ್ಲಿ ಬಹುಮಂದಿ ಎಡವುತ್ತಾರೆ: ಈ ಅಳತೆ ಹೆಚ್ಚಾದರೆ ಪೆಟ್ರೋಲ್ ಮಟ್ಟ ಕಡಿಮೆ, ಅಳತೆ ಕಡಿಮೆಯಾದರೆ ಮಟ್ಟ ಹೆಚ್ಚು. ಆದ್ದರಿಂದ ಮಟ್ಟ ಇಳಿಸಲು ನಾಲಿಗೆಯನ್ನು ನೀಡಲಿನ ಕಡೆಗೆ, ಏರಿಸಲು ಅದರಿಂದ ದೂರಕ್ಕೆ ಕೂದಲೆಳೆಯಷ್ಟು ಬಾಗಿಸಿ ಮತ್ತೆ ಅಳೆಯಬೇಕು. ಬಾಗಿಸುವಾಗ ನೀಡಲಿನ ಮೇಲೆ ಒತ್ತಡ ಬೀಳದಂತೆ ಫ್ಲೋಟನ್ನು ಹೊರತೆಗೆದಿರಬೇಕು. ಪೂರ್ತಿ ಪ್ಲಾಸ್ಟಿಕ್ಕಿನ ಫ್ಲೋಟಿನಲ್ಲಿ ಬಾಗಿಸಲು ಏನೂ ಇರುವುದಿಲ್ಲ. ಅಳತೆ ತಪ್ಪಿದ್ದರೆ ಫ್ಲೋಟ್ ಮತ್ತು ನೀಡಲ್ ಬದಲಿಸುವುದೊಂದೇ ದಾರಿ.

ಬಟ್ಟಲಿಗೆ ಡ್ರೈನ್ ನಳಿಕೆಯಿರುವ ಮಾದರಿಗಳಲ್ಲಿ ನಿಜವಾದ ಮಟ್ಟವನ್ನೇ ಕಣ್ಣಾರೆ ನೋಡಬಹುದು. ನಳಿಕೆಗೆ ಪಾರದರ್ಶಕ ಪೈಪು ಸಿಕ್ಕಿಸಿ, ಅದನ್ನು ಬಟ್ಟಲಿನ ಪಕ್ಕದಲ್ಲಿ ಮೇಲ್ಮುಖವಾಗಿ ಹಿಡಿದು, ಡ್ರೈನ್ ಸ್ಕ್ರೂ ಸಡಿಲಿಸಿ ಕಾಕ್ ತೆರೆದರೆ, ಪೈಪಿನಲ್ಲಿ ಪೆಟ್ರೋಲ್ ನಿಲ್ಲುವ ಗೆರೆಯೇ ಒಳಗಿನ ಮಟ್ಟ. ಗೆರೆ ನಿಲ್ಲದೆ ನಿಧಾನವಾಗಿ ಏರುತ್ತಲೇ ಇದ್ದರೆ ನೀಡಲ್ ಇನ್ನೂ ಸೋರುತ್ತಿದೆ ಎಂದರ್ಥ.

ಮಟ್ಟ ಸರಿಬಂದ ಮೇಲೆ ಪ್ಲಗ್ ಒರೆಸಿ ಹಾಕಿ, ಆಯಿಲ್‌ನಲ್ಲಿ ಪೆಟ್ರೋಲ್ ಸೇರಿದ್ದರೆ ಆಯಿಲ್ ಬದಲಿಸಿ ಸ್ಟಾರ್ಟ್ ಮಾಡಿ. ಏರ್ ಸ್ಕ್ರೂ ಹೊಂದಿಸುವ ಸರದಿ ಬರುವುದು ಎಂಜಿನ್ ಚೆನ್ನಾಗಿ ಬಿಸಿಯಾದ ನಂತರ.