ಓಣಿ ಕಟ್ಟೆ ಮೇಲೆ ಕುಂತ ಹುಡುಗ್ರಿಗೆ ಕೆಲ್ಸ ಕೊಡೋದು ಹೆಂಗೆ

ಗಣಪತಿ ಹಬ್ಬ ಹತ್ರ ಬಂತು ಅಂದ್ರೆ ನಮ್ ದಾವಣಗೆರೇಲಿ ಶಾಂತಿ ಸಭೆ ಶುರು, ಟೀ ಕುಡಿದು ನಾವೆಲ್ಲ ಅಣ್ತಮ್ಮಂದಿರಿದ್ದಂಗೆ ಅಂತ ಹೇಳಿ ಎದ್ ಬರ್ತಾರೆ, ಆದ್ರೆ ಅಲ್ಲಿ ಕುಂತಿರೋರೆಲ್ಲ ಐವತ್ತು ದಾಟಿದೋರು, ಕಲ್ಲು ಎತ್ತೋ ವಯಸ್ಸಿನ ಹುಡುಗ್ರು ಆ ಹೊತ್ತಲ್ಲಿ ಕಟ್ಟೆ ಮೇಲೆ ಮೊಬೈಲ್ ನೋಡ್ತಾ ಕುಂತಿರ್ತಾರೆ. ನಾನು ಏಳು ಮಷಿನ್ ಇಟ್ಕಂಡು ಸ್ಕೂಲ್ ಯೂನಿಫಾರ್ಮ್ ಹೊಲಿಸೋನು. ಆ ಕಟ್ಟೆಯಿಂದ ಆರು ಜನನ ಎಬ್ಬಿಸ್ಕಂಡು ಬಂದಿದೀನಿ, ಹೆಂಗೆ ಅಂತ ಕೇಳ್ತಿರ್ತಾರೆ, ಅದಕ್ಕೆ ಬರೀತಿದೀನಿ.

ಮೊದ್ಲು ಊರಲ್ಲಿ ಆಗ್ಲೇ ಓಡ್ತಿರೋ ಕೆಲ್ಸ ಹಿಡೀರಿ. ಒಂದು ಕಾಲಕ್ಕೆ ಈ ಊರನ್ನ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ರು, ಈಗಿನ ಹುಡುಗ್ರಿಗೆ ಡಿಸಿಎಂ ಅಂದ್ರೆ ಟೌನ್‌ಶಿಪ್ಪು ಅಷ್ಟೆ, ಅದು ಕಾಟನ್ ಮಿಲ್ಲಿನ ಹೆಸ್ರು ಅಂತ ಗೊತ್ತೇ ಇಲ್ಲ. ಮಿಲ್ ವಾಪಸ್ ಬರ್ಲಿ ಅಂತ ಕಾಯೋದ್ ಬೇಡ. ಹೊಲಿಗೆ, ಗ್ಯಾರೇಜು, ರೊಟ್ಟಿ, ಚಳ್ಳಕೆರೆ ಕಡೆಯೋರಾದ್ರೆ ಕಂಬಳಿ ಇಲ್ಲ ಶೇಂಗಾ ಎಣ್ಣೆ, ಹಿಂಗೆ ಗಿರಾಕಿ ಇರೋದೇ ತಗೊಳ್ಳಿ.

ಹಂಗಂತ ಯಾವ್ದಾದ್ರೂ ಕೆಲ್ಸ ಆದ್ರೆ ಸಾಕು ಅಂತಲ್ಲ. ನಮ್ಮೂರ ಮಂಡಕ್ಕಿ ಭಟ್ಟಿ ನೋಡಿ, ಕಾದ ಮರಳಿಗೆ ಅಕ್ಕಿ ಬಿದ್ದ ಕೂಡ್ಲೆ ಚಟಚಟ ಅಂತ ಅರಳುತ್ತೆ, ತಕ್ಷಣ ಜರಡಿಗೆ ಹಾಕ್ಬೇಕು, ಒಂದ್ ಕ್ಷಣ ತಡ ಆದ್ರೆ ಕರಕಲು, ನೋಡೋಕೆ ಚಂದ. ಆ ಹೊಗೇಲಿ ದಿನಾ ನಿಂತೋನ ಕೆಮ್ಮು ಕೇಳಿದ್ರೆ ಮಿರ್ಚಿ ಮಂಡಕ್ಕಿ ಗಂಟಲಲ್ಲಿ ಇಳಿಯಲ್ಲ. ಗಾಳಿ, ಬೆಳಕು, ಬಾತ್‌ರೂಮು ಇಲ್ಲದ ಕಡೆ ಹುಡುಗ ಮೂರ್ ತಿಂಗಳು ನಿಲ್ಲಲ್ಲ, ಮತ್ತೆ ಕಟ್ಟೆಗೇ ಹೋಗ್ತಾನೆ.

ಕೂರಿಸೋವಾಗ ಬೆರೆಸಿ ಕೂರಿಸಿ. ನಮ್ಮಲ್ಲಿ ಕಟಿಂಗ್ ಮಾಸ್ಟರ್ ಚಾಚಾ, ಅವ್ರು ಕತ್ತರಿಸಿದ್ದನ್ನ ಹೊಲಿಯೋನು ಬೇರೆ ಓಣಿಯೋನು, ಕಾಜಾ ಬಟನ್ ಮಾಡೋ ಅಕ್ಕ ಮತ್ತೊಂದು ಕಡೆಯೋರು. ಒಬ್ರು ಕೈ ಕಟ್ಟಿದ್ರೆ ಮೂವರ ದುಡಿಮೆ ನಿಲ್ಲುತ್ತೆ, ಹಂಗಾಗಿ ಹಬ್ಬದ ದಿನ ಯಾರು ರಜ ಯಾರು ಡ್ಯೂಟಿ ಅಂತ ಅವ್ರೇ ಮಾತಾಡ್ಕಂತಾರೆ, ನಾನು ಬಾಯಿ ಹಾಕಲ್ಲ.

ಈಗ ಮುಖ್ಯವಾದ್ದು, ಬಟವಾಡೆ. ಒಂದ್ ವರ್ಷ ಒಂದು ಸ್ಕೂಲಿನೋರು ಬಿಲ್ ತಡ ಮಾಡಿದ್ರು, ನಾನು ಎರಡು ಶನಿವಾರ ನಾಳೆ ನಾಳೆ ಅಂದೆ. ಮೂರನೇ ವಾರ ಇಬ್ರು ಬಟನ್ ಡಬ್ಬಿಗೆ ಕಿತ್ತಾಡಿ ಕಾಲರ್ ಹಿಡ್ಕಂಡ್ರು, ಹೊರಗೆ ಜನ ಸೇರಿ ಅದು ಜಾತಿ ಧರ್ಮದ ಜಗಳ ಅಂತ ಮಾತಾಡೋಕೂ ಶುರು ಆಯ್ತು. ಡಬ್ಬೀಲಿ ಇದ್ದಿದ್ದು ಐವತ್ತು ರೂಪಾಯಿ ಬಟನ್. ಒಬ್ಬನ ಮನೇಲಿ ಗ್ಯಾಸ್ ಖಾಲಿ, ಇನ್ನೊಬ್ಬನ ಬೈಕ್ ಕಂತು ಬಾಕಿ. ಸಾಲ ತಂದು ಇಬ್ರ ಲೆಕ್ಕ ಚುಕ್ತಾ ಮಾಡ್ದೆ, ಸೋಮವಾರ ಒಂದೇ ಪ್ಲೇಟಲ್ಲಿ ಬೆಣ್ಣೆ ದೋಸೆ ತಿಂತಿದ್ರು. ಅವತ್ತಿಂದ ಎರಡು ವಾರದ ಕೂಲಿ ಬೇರೆ ಅಕೌಂಟಲ್ಲಿ ಇಟ್ಟೇ ಆರ್ಡರ್ ಹಿಡಿಯೋದು, ಪೀಸ್ ಲೆಕ್ಕದ ರಿಜಿಸ್ಟರ್ ಟೇಬಲ್ ಮೇಲೇ ಇರುತ್ತೆ, ಯಾರು ಬೇಕಾದ್ರೂ ತೆಗೆದು ನೋಡಬಹುದು. ಪೀಸ್ ರೇಟ್ ಕೊಟ್ರೂ ದಿನದ ಲೆಕ್ಕ ಕನಿಷ್ಠ ವೇತನಕ್ಕಿಂತ ಕಡಿಮೆ ಬರಬಾರದು.

ದುಡಿಮೆ, ಕೂಲಿ ಸರಿ ಇದ್ರೆ ಜಗಳ ಇರಲ್ಲ ಅನ್ನೋದು ನನ್ನ ತಲೇಲಿ ಹುಟ್ಟಿದ್ದಲ್ಲ. ಮೊದಲ ಮಹಾಯುದ್ಧ ಮುಗಿದ ಮೇಲೆ 1919ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಕಟ್ಟಿದಾಗ್ಲೇ, ಸಾಮಾಜಿಕ ನ್ಯಾಯ ಇಲ್ದೆ ಶಾಂತಿ ಉಳಿಯಲ್ಲ ಅಂತ ಬರ್ಕೊಂಡಿದ್ರು, 1969ರಲ್ಲಿ ಅವ್ರಿಗೆ ಶಾಂತಿ ನೊಬೆಲ್ಲೇ ಬಂತು. 2017ರಲ್ಲಿ ಶಾಂತಿಗಾಗಿ ಉದ್ಯೋಗ ಅಂತಾನೇ 205ನೇ ಶಿಫಾರಸು ತಂದ್ರು. ನಮ್ಮ ಶಾಂತಿ ಸಭೆಗೆ ಅದು ಇನ್ನೂ ಬಂದಿಲ್ಲ ಬಿಡಿ.

ದುಡ್ಡಿಗೆ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ ಪಿಎಂಇಜಿಪಿ, ಅಂದ್ರೆ ಸ್ವಂತ ಉದ್ಯೋಗ ಶುರು ಮಾಡೋರಿಗೆ ಸಾಲದ ಜೊತೆ ಸಬ್ಸಿಡಿ ಕೊಡೋ ಕೇಂದ್ರ ಸರ್ಕಾರದ ಯೋಜನೆ, ಅದರ ಬಗ್ಗೆ ಕೇಳಿ, ಈಗಿನ ರೂಲ್ಸ್ ಏನಿದೆ ಅಂತ ಅಲ್ಲೇ ಖಾತ್ರಿ ಮಾಡ್ಕಳಿ. ನಾನು ಕೇಳಿದಾಗ ಸಬ್ಸಿಡಿ ಶೇಕಡ 15ರಿಂದ 35, ಸಿಟೀಗಿಂತ ಹಳ್ಳಿಗೆ ಜಾಸ್ತಿ. ಎಷ್ಟೋ ಜನ ಎಡವೋದು ಎಲ್ಲಿ ಅಂದ್ರೆ, ಸಬ್ಸಿಡಿ ಕೈಗೆ ಬರಲ್ಲ, ಮೂರ್ ವರ್ಷ ಬ್ಯಾಂಕಲ್ಲೇ ಡೆಪಾಸಿಟ್ ಇರುತ್ತೆ, ಅದನ್ನ ನಂಬ್ಕಂಡು ಬಟ್ಟೆ ತರಿಸಬೇಡಿ. ಹೊಲಿಗೆ ಬರದೇ ಇರೋರನ್ನ ಆರ್‌ಸೆಟಿಗೆ, ಅಂದ್ರೆ ಬ್ಯಾಂಕಿನೋರು ನಡೆಸೋ ಸ್ವಉದ್ಯೋಗ ತರಬೇತಿ ಕೇಂದ್ರಕ್ಕೆ ಕಳ್ಸಿ, ತರಬೇತಿ ಊಟ ಎರಡೂ ಫ್ರೀ. ಎಲ್ರಿಗೂ ಇ-ಶ್ರಮ್, ಅಂದ್ರೆ ಅಸಂಘಟಿತ ಕಾರ್ಮಿಕರ ಕಾರ್ಡ್ ಮಾಡ್ಸಿ.

ಯೂನಿಫಾರ್ಮ್ ಲೈನೇ ಹಿಡಿಯೋದಾದ್ರೆ ಜನವರೀಲೇ ಹುಡುಗ್ರನ್ನ ಕೂರಿಸಿ, ಮೊದ್ಲು ಹಳೇ ಬಟ್ಟೆ ಮೇಲೆ ನೆಟ್ಟಗೆ ಹೊಲಿಗೆ, ಆಮೇಲೆ ಜೇಬು, ಕಾಲರ್ ಕೊನೆಗೆ. ಮೇ ತಿಂಗಳಲ್ಲಿ ಕಲಿಸೋಕೆ ಕುಂತ್ರೆ ಆರ್ಡರೂ ಹೋಗುತ್ತೆ, ಚಾಚಾನೂ ಬೈತಾರೆ.