ಕುಯ್ಲು ಮುಗಿದ ಮೇಲೆ ನಾನು ವರ್ಷದ ಲೆಕ್ಕ ನೋಡುವ ರೀತಿ

ಕಾಫಿ ಬೆಳೆಯುವವರಿಗೆ ಜನವರಿ 1ಕ್ಕೆ ವರ್ಷ ಮುಗಿಯುವುದಿಲ್ಲ. ಆಗ ನಮ್ಮ ಮೂಡಿಗೆರೆ ಕಡೆ ಅರೇಬಿಕಾ ಕಾಫಿ ಕಣದಲ್ಲಿ ಒಣಗುತ್ತಿರುತ್ತದೆ, ರೋಬಸ್ಟಾ ಗಿಡದಲ್ಲಿರುತ್ತದೆ, ಮೋಡ ಕಂಡರೆ ಸಾಕು ಎದೆ ಡವಡವ ಅನ್ನುತ್ತದೆ. ಹಾಗಾಗಿ ನಾನು ಹಿಂದಿನ ವರ್ಷವನ್ನು ನೋಡುವುದು ಕುಯ್ಲು ಮುಗಿದು ಹೂಮಳೆಗೆ, ಅಂದರೆ ಕಾಫಿ ಹೂ ಅರಳಿಸುವ ಮಳೆಗೆ, ಕಾಯುವ ದಿನಗಳಲ್ಲಿ.

ಬೇಕಾಗಿರುವುದು ಎರಡೇ: ಮಳೆ ಪುಸ್ತಕ, ಹಾಜರಿ ಪುಸ್ತಕ. ಒಂದರಲ್ಲಿ ಯಾವತ್ತು ಎಷ್ಟು ಇಂಚು, ಎಷ್ಟು ಸೆಂಟ್ (ಇಂಚಿನ ನೂರನೇ ಒಂದು ಪಾಲು) ಮಳೆ ಬಿತ್ತು ಅಂತ ಇರುತ್ತದೆ, ಇನ್ನೊಂದರಲ್ಲಿ ಅವತ್ತು ಆಳುಗಳು ತೋಟದ ಯಾವ ಬ್ಲಾಕಿನಲ್ಲಿ ಏನು ಕೆಲಸ ಮಾಡಿದರು ಅಂತ. ಎರಡನ್ನೂ ಪಕ್ಕಪಕ್ಕ ಇಟ್ಟು ಬ್ಲಾಕಿಗೊಂದು ಹಾಳೆ ಬರೆಯುತ್ತೇನೆ. ಬರೀ ಇಳುವರಿ ನೋಡಿದರೆ ಏನಾಯ್ತು ಅನ್ನುವುದು ಗೊತ್ತಾಗುತ್ತದೆ, ಯಾಕಾಯ್ತು ಅನ್ನುವುದು ಗೊತ್ತಾಗುವುದಿಲ್ಲ.

ಹೋದ ವರ್ಷ ಹಳ್ಳದ ಬದಿಯ ಬ್ಲಾಕಿಗೆ ಕೊಳೆರೋಗ ಬಂತು. ಮಳೆ ಜಾಸ್ತಿ ಆಯ್ತು ಅಂತ ಎಲ್ಲರೂ ಅಂದರು. ಆದರೆ ಅದೇ ಮಳೆ ಬಿದ್ದ ಮೇಲಿನ ಬ್ಲಾಕ್ ಚೆನ್ನಾಗಿತ್ತು, ಕೊಳೆರೋಗ ತಡೆಯುವ ಬೋರ್ಡೋ ಔಷಧಿಯನ್ನು ಎರಡಕ್ಕೂ ಒಂದೇ ವಾರದಲ್ಲಿ ಹೊಡೆದಿದ್ದೆವು. ಅಲ್ಲೇ ಕೆಲಸ ಮಾಡುವ ಅಕ್ಕನನ್ನು ಕೇಳಿದೆ. "ಅಲ್ಲಿ ಮಧ್ಯಾಹ್ನ ಆದ್ರೂ ಎಲೆ ಮೇಲಿನ ನೀರು ಆರಲ್ಲ ಅಣ್ಣ" ಅಂದರು. ಹಾಜರಿ ಪುಸ್ತಕ ನೋಡಿದರೆ ಮೇಲಿನ ಬ್ಲಾಕಿನ ಮರಗಸಿ, ಅಂದರೆ ನೆರಳು ಮರಗಳ ಕೊಂಬೆ ಕಡಿಯುವ ಕೆಲಸ, ಮೇ ತಿಂಗಳಲ್ಲೇ ಮುಗಿದಿತ್ತು, ಹಳ್ಳದ ಬದಿಗೆ ಆಳುಗಳು ಹೋಗುವಷ್ಟರಲ್ಲಿ ಮುಂಗಾರು ಹಿಡಿದಿತ್ತು. ಅಂದರೆ ತೊಂದರೆ ಇದ್ದದ್ದು ನೆರಳಿನಲ್ಲಿ.

ಹಾಗಂತ ಎಲ್ಲ ಕಡೆ ನೆರಳು ತೆಗೆಯೋಣ ಅಂದರೆ ಅದೂ ಸರಿಯಲ್ಲ. ಬಿಸಿಲು ಜಾಸ್ತಿ ಬೀಳುವ ಗುಡ್ಡದ ಮೂಲೆಯಲ್ಲೇ ಬಿಳಿ ಕಾಂಡಕೊರಕ ಹುಳ ಹೊಕ್ಕ ಗಿಡಗಳನ್ನು ನಾವು ಹೆಚ್ಚು ಕಿತ್ತಿದ್ದೇವೆ. ಅದಕ್ಕೇ ಇಡೀ ತೋಟಕ್ಕೆ ಒಂದೇ ಯೋಜನೆ ಅನ್ನುವುದರಲ್ಲಿ ನನಗೆ ನಂಬಿಕೆ ಇಲ್ಲ.

ಮುಂದಿನ ವರ್ಷದ ಕೆಲಸಕ್ಕೆ ತಾರೀಖು ಹಾಕುವುದನ್ನೂ ಬಿಟ್ಟಿದ್ದೇನೆ, ಮಳೆಯನ್ನೇ ಗುರುತಾಗಿ ಇಟ್ಟುಕೊಳ್ಳುತ್ತೇನೆ. ಸುಮಾರು ಒಂದು ಇಂಚು ಹೂಮಳೆ ಬಿದ್ದರೆ ಎಂಟು ಒಂಬತ್ತು ದಿನದಲ್ಲಿ ಹೂ ಅರಳುತ್ತದೆ, ಆಮೇಲೆ ಬ್ಯಾಕಿಂಗ್ ಮಳೆ, ಅಂದರೆ ಕಾಯಿ ಕಟ್ಟಲು ಬೇಕಾದ ಎರಡನೇ ಮಳೆ, ಬಂದು ಮಣ್ಣು ಹಸಿಯಾದ ಮೇಲೆಯೇ ಗೊಬ್ಬರ. ಏಪ್ರಿಲ್ ಇಂಥ ದಿನ ಅಂತ ಬರೆದಿಟ್ಟುಕೊಂಡು ಒಣ ಮಣ್ಣಿಗೆ ಸುರಿದರೆ ಏನು ಪ್ರಯೋಜನ, ಅಲ್ವಾ? ರೇಟಿನ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ. ಅದು ಲಂಡನ್, ನ್ಯೂಯಾರ್ಕ್ ಮಾರುಕಟ್ಟೆ ನೋಡಿಕೊಂಡು ಏರುತ್ತದೆ, ಇಳಿಯುತ್ತದೆ.

ಈ ಸಲ ಮರಗಸಿ ಹಳ್ಳದ ಬದಿಯಿಂದಲೇ ಶುರು. ಅದು ಮುಗಿಯದೆ ಆಳುಗಳನ್ನು ಮೇಲಿನ ಬ್ಲಾಕಿಗೆ ಕಳಿಸಬೇಡಿ ಅಂತ ತೋಟದ ಲೆಕ್ಕ ಬರೆಯುವ ರೈಟರಿಗೆ ಈಗಲೇ ಹೇಳಿದ್ದೇನೆ. ಗುಡ್ಡದ ಮೂಲೆಯಲ್ಲಿ ಮಾತ್ರ ಕತ್ತಿ ಆಡಿಸುವುದಿಲ್ಲ, ಜೂನ್ ಮಳೆ ಹಿಡಿದ ತಕ್ಷಣ ಅಲ್ಲಿ ನೆರಳಿಗೆ ಹಾಲುವಾಣ ಮರದ ಗೂಟ ನೆಡುತ್ತೇವೆ.