ಎರಡು ಪಟ್ಟಿ ಕೂಡುವ ಕಡೆ

ಬಾರ್ಸಿಲೋನಾದ ಮೊಂಜುಯಿಕ್ ಗುಡ್ಡದ ಬುಡದಲ್ಲಿ ಜರ್ಮನ್ ಪೆವಿಲಿಯನ್ ಅನ್ನುವ ಪ್ರದರ್ಶನ ಮಂಟಪ ಇದೆ. 1929ರ ವಿಶ್ವಮೇಳಕ್ಕೆ ವಾಸ್ತುಶಿಲ್ಪಿ ಮೀಸ್ ವಾನ್ ಡೆರ್ ರೋಹೆ ಮತ್ತು ವಿನ್ಯಾಸಕಿ ಲಿಲಿ ರೈಕ್ ರೂಪಿಸಿದ್ದು. ಮರುವರ್ಷವೇ ಅದನ್ನು ಬಿಚ್ಚಿಹಾಕಿದ್ದರು, ಈಗಿರುವುದು 1986ರಲ್ಲಿ ಮತ್ತೆ ಕಟ್ಟಿ ಮುಗಿಸಿದ್ದು. ಒಳಗೆ ಪ್ರದರ್ಶನದ ಸರಕು ಅಂತ ಏನೂ ಇರಲಿಲ್ಲ. ಓನಿಕ್ಸ್ ಎಂಬ ಪಟ್ಟೆಪಟ್ಟೆಯ ಕಲ್ಲಿನ ಗೋಡೆ, ಕೆಂಪು ಪರದೆ, ಕಪ್ಪು ಜಮಖಾನೆ, ಬಿಳಿ ಚರ್ಮದ ಕುರ್ಚಿಗಳು, ಅಷ್ಟೇ. ಸಿಕ್ಕಿದ ಓನಿಕ್ಸ್ ಬಂಡೆಯ ಅಳತೆ ನೋಡಿಯೇ ಸೂರಿನ ಎತ್ತರ ಗೊತ್ತು ಮಾಡಿದ್ದರಂತೆ. ನಾನು ಒಳಾಂಗಣ ವಿನ್ಯಾಸದವಳು, ಇದನ್ನೆಲ್ಲ ನೋಡಬೇಕಿತ್ತು. ಆದರೆ ಹೆಚ್ಚು ಹೊತ್ತು ಕೂತು ಬರೆದುಕೊಂಡದ್ದು ಕುರ್ಚಿಯ ಕಾಲನ್ನು.

ಊರಿಗೆ ಬಂದು ಆ ಕುರ್ಚಿಯ ಅರ್ಧ ಅಳತೆಯ ಚೌಕಟ್ಟು ಮಾಡಲು ಕೂತೆ. ಮಾರಲು ಅಲ್ಲ, ಕೈಗೆ ಅರ್ಥವಾಗಲಿ ಅಂತ. ಪಕ್ಕದಿಂದ ನೋಡಿದರೆ ಎರಡೇ ಗೆರೆ: ಬೆನ್ನಿನಿಂದ ಮುಂಗಾಲಿಗೆ ಇಳಿಯುವ ಒಂದು ಕಮಾನು, ಸೀಟಿನಿಂದ ಹಿಂಗಾಲಿಗೆ ಹೋಗುವ ಒಂದು ಅಂಕುಡೊಂಕು. 20×6 ಮಿ.ಮೀ. ಸ್ಟೀಲ್ ಪಟ್ಟಿ ತಂದೆ. ಶೆಡ್ಡಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚಿತ್ರ ಬರೆದದ್ದು ನೋಡಿ ವೆಲ್ಡರ್ ಕೇಳಿದ, “ಇದೇನ್ ಮೇಡಂ, ಕುರ್ಚಿನಾ, ಜೋಕಾಲಿನಾ?”

ಬಾಗಿಸುವುದು ಸುಲಭ ಅಂದುಕೊಂಡಿದ್ದೆ. ಕೈಬಿಟ್ಟೊಡನೆ ಪಟ್ಟಿ ಸ್ವಲ್ಪ ಹಿಂದಕ್ಕೆ ಚಿಮ್ಮುತ್ತದೆ. ಬೇಕಾದ್ದಕ್ಕಿಂತ ಹೆಚ್ಚು ಬಾಗಿಸಿ, ಪ್ಲೈವುಡ್ ಅಚ್ಚಿಗೆ ಹಿಡಿದು ನೋಡಿ, ಮತ್ತೆ ಬಾಗಿಸಿ, ಹೀಗೆ ಎರಡು ದಿನ ಹೋಯಿತು.

ನಿಜವಾದ ಪೀಕಲಾಟ ಪಟ್ಟಿಗಳು ಕತ್ತರಿಯಂತೆ ಹಾಯುವ ಕಡೆ. ಎರಡೂ ಒಂದೇ ಸಮತಲದಲ್ಲಿವೆ, ಅಂದರೆ ಒಂದನ್ನು ಕತ್ತರಿಸಲೇಬೇಕು. ಅಂಕುಡೊಂಕಿನದನ್ನು ತುಂಡು ಮಾಡಿ ಕಮಾನಿಗೆ ಬೆಸೆದೆವು. ಒಂದೇ ಬದಿಯಿಂದ ಪೂರ್ತಿ ವೆಲ್ಡ್ ಎಳೆದದ್ದೇ ತಪ್ಪಾಯಿತು. ಕಾವಿಗೆ ಆ ಬದಿ ಎಳೆದುಕೊಂಡು ನಾಲ್ಕು ಕಾಲಲ್ಲಿ ಒಂದು ನೆಲ ಬಿಟ್ಟಿತು. ಎರಡನೆಯ ಚೌಕಟ್ಟಿಗೆ ಮೊದಲು ಟ್ಯಾಕ್, ಅಂದರೆ ಹಿಡಿದಿಡುವಷ್ಟು ಚುಕ್ಕಿ ವೆಲ್ಡ್ ಹಾಕಿ, ಎಡಕ್ಕೊಂದಿಷ್ಟು ಬಲಕ್ಕೊಂದಿಷ್ಟು, ನಡುನಡುವೆ ತಣಿಯಲು ಬಿಟ್ಟು ಬೆಸೆದೆವು. ಆಮೇಲೆ ಗ್ರೈಂಡಿಂಗ್, ಹೊಳಪು ಬರುವಂತೆ ಉಜ್ಜುವ ಬಫಿಂಗ್. ಸಂದು ಕಾಣದ ಹಾಗೆ ಮಾಡಲು ಹಿಡಿದ ಹೊತ್ತು ಉಳಿದೆಲ್ಲ ಕೆಲಸಕ್ಕಿಂತ ಜಾಸ್ತಿ.

1929ರ ಕುರ್ಚಿಗೆ ಕ್ರೋಮ್ ಹಚ್ಚಿದ ಪಟ್ಟಿಗಳನ್ನು ಬೋಲ್ಟಿನಿಂದ ಕೂಡಿಸಿದ್ದರು. ಸಂದಿಲ್ಲದ ಸ್ಟೇನ್‌ಲೆಸ್ ಚೌಕಟ್ಟು ಬಂದದ್ದು 1950ರಲ್ಲಿ. ನಾನು ಮೀಸ್‌ನ ಎರಡನೇ ಉತ್ತರವನ್ನು ಮೊದಲೇ ಬರೆಯಲು ಹೋಗಿದ್ದೆ ಅಂತ ಆಗ ಹೊಳೆಯಿತು. ನನ್ನ ಕಣ್ಣಿಗೆ ಬೋಲ್ಟೇ ಪ್ರಾಮಾಣಿಕ. ಆದರೆ ಬಫ್ ಮಾಡಿದ ಸಂದನ್ನು ಸವರುತ್ತಾ ಹಾಗೆ ಹೇಳಲು ಬಾಯಿ ಬರುವುದಿಲ್ಲ.

ಮೊದಲನೆಯದನ್ನು ಎಸೆಯಲಿಲ್ಲ. ಮೇಜಿನ ಮೇಲಿದೆ, ಒಂದು ಕಾಲಿನಡಿ ಎರಡು ಪದರ ರಟ್ಟು ಇಟ್ಟಿದ್ದೇನೆ.